ನದಿಯ ಜಾಡಿನಲ್ಲಿ ನೆಂಟರ ಮನೆಗೆ

ಡೆನ್ವರ್ ನಗರದಿಂದ ಫೀನಿಕ್ಸ್ ನಗರಕ್ಕೆ ವಿಮಾನದಲ್ಲಿ ಹೊರಟರೆ ಎರಡು ಗಂಟೆಯ ಪ್ರಯಾಣ. ಬೆಳಗಿನ ಕಾಫಿಯನ್ನು ಒಂದು ಊರಿನಲ್ಲಿ ಮುಗಿಸಿ, ಮಧ್ಯಾಹ್ನದ ಊಟಕ್ಕೆ ಇನ್ನೊಂದು ಊರಿನಲ್ಲಿ ಕೈ ತೊಳೆಯಬಹುದು. ಆದರೆ 2023ರ ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ, ಮಂಡ್ಯ ಜಿಲ್ಲೆಯ ನಿವೃತ್ತ ನೀರಾವರಿ ಇಂಜಿನಿಯರೊಬ್ಬರು ಆ ದಾರಿಯನ್ನು ಹತ್ತು ದಿನಗಳಲ್ಲಿ ಕ್ರಮಿಸುವುದೆಂದು ತೀರ್ಮಾನಿಸಿದರು. ಕಾರು ನಡೆಸುವವಳು ಡೆನ್ವರಿನಲ್ಲಿ ನೆಲೆಸಿದ ಮಗಳು. ಹಿಂದಿನ ಆಸನದಲ್ಲಿ ಕೋಡುಬಳೆಯ ಡಬ್ಬಿ, ಚಟ್ನಿಪುಡಿಯ ಭರಣಿ ಮತ್ತು ಬಟ್ಟೆಯಲ್ಲಿ ಸುತ್ತಿದ ನಾಲ್ಕು ಅಚ್ಚು ಬೆಲ್ಲದೊಡನೆ ಅವರ ಪತ್ನಿ.

ಇಷ್ಟು ನಿಧಾನವೇಕೆ ಎಂದು ಕೇಳಿದವರಿಗೆ ಹಿರಿಯರು ಕೊಡುತ್ತಿದ್ದ ಉತ್ತರ ಒಂದೇ: “ಜೀವನವೆಲ್ಲ ನೀರಿನ ಕೆಲಸ ಮಾಡಿದವನು ನಾನು. ಕೊಲರಾಡೋ ನದಿಯನ್ನು ಹುಟ್ಟಿದಲ್ಲಿಂದ ನೋಡುತ್ತ ಹೋಗಬೇಕು.” ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲವೆಂಬುದು ಅವರ ಪತ್ನಿಗೆ ತಿಳಿದಿತ್ತು. ದಾರಿಯ ಕೊನೆಯಲ್ಲಿ, ಫೀನಿಕ್ಸ್ ನಗರದಲ್ಲಿ, ಅವರ ಒಡಹುಟ್ಟಿದ ತಮ್ಮನ ಮನೆಯಿತ್ತು. ಅಣ್ಣತಮ್ಮಂದಿರ ನಡುವೆ ಮಾತು ನಿಂತು ಇಪ್ಪತ್ತು ವರ್ಷಗಳಾಗಿದ್ದವು. ದೊಡ್ಡಪ್ಪನ ಮಗಳು ಕಳುಹಿಸಿದ ವಿನಂತಿಗೆ ಆತ ಕೊಟ್ಟ ಉತ್ತರ ಎರಡೇ ಪದಗಳದು: “ಬಂದರೆ ಬರಲಿ.” ಆ ಎರಡು ಪದಗಳಲ್ಲಿ ಆದರವೆಷ್ಟು, ಉದಾಸೀನವೆಷ್ಟು ಎಂಬುದನ್ನು ತೂಗಿ ನೋಡಲು ಹಿರಿಯರಿಗೆ ಹತ್ತು ದಿನಗಳಾದರೂ ಬೇಕಾಗಿದ್ದವು.

ಮೋಡದ ಮಟ್ಟದ ರಸ್ತೆ

ಡೆನ್ವರಿನ ವಾಯವ್ಯಕ್ಕೆ ರಾಕಿ ಪರ್ವತಗಳ ರಾಷ್ಟ್ರೀಯ ಉದ್ಯಾನವಿದೆ. ಅದರೊಳಗೆ ಹಾದುಹೋಗುವ ಟ್ರೇಲ್ ರಿಜ್ ರಸ್ತೆ 12,183 ಅಡಿಗಳ ಎತ್ತರವನ್ನು ಮುಟ್ಟುತ್ತದೆ. ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನಿಟ್ಟರೆ ಆಗುವಷ್ಟು ಎತ್ತರ. ಅಲ್ಲಿ ಮರವಿಲ್ಲ, ಗಾಳಿಗೆ ನೆಲಕಚ್ಚಿದ ಹುಲ್ಲು ಮಾತ್ರವೆ. ಕೆಳಗಿನ ಇಳಿಜಾರುಗಳಲ್ಲಿ ಆಸ್ಪೆನ್ ಮರಗಳು ಆ ವಾರ ಹಳದಿಗೆ ತಿರುಗಿದ್ದವು. ಸೇವಂತಿಗೆಯ ಹೊಲಗಳನ್ನು ಬೆಟ್ಟಕ್ಕೆ ಹೊದಿಸಿದಂತೆ ಕಾಣುತ್ತಿತ್ತು. ಅಕ್ಟೋಬರ್ ನಡುವಿನ ಹೊತ್ತಿಗೆ ಹಿಮ ಬಿದ್ದು ಈ ರಸ್ತೆ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ.

ಕೊಲರಾಡೋ ನದಿ ಹುಟ್ಟುವುದು ಈ ಉದ್ಯಾನದ ಉತ್ತರದ ಅಂಚಿನಲ್ಲಿ, ಲಾ ಪೂಡರ್ ಎಂಬ ಕಣಿವೆಯ ಬಾಯಲ್ಲಿ. ತಲಕಾವೇರಿಯ ಹಾಗೆ ಅಲ್ಲಿ ಕುಂಡಿಕೆಯಿಲ್ಲ, ತೀರ್ಥೋದ್ಭವದ ಮುಹೂರ್ತವಿಲ್ಲ. ಜೌಗು ನೆಲದಿಂದ ಜಿನುಗುವ ಒಂದು ಹಳ್ಳವಷ್ಟೆ. ಅಲ್ಲಿಂದ 2,300 ಕಿಲೋಮೀಟರುಗಳಿಗೂ ಮಿಕ್ಕಿ ಹರಿದು, ಏಳು ಸಂಸ್ಥಾನಗಳ ಮತ್ತು ಮೆಕ್ಸಿಕೋ ದೇಶದ ಬಾಯಾರಿಕೆಯನ್ನು ಅದು ತಣಿಸಬೇಕಾಗಿದೆ.

ರಸ್ತೆಯ ಒಂದು ತಿರುವಿನಲ್ಲಿ ಕಾರು ನಿಂತಾಗ, ಎದುರಿನ ಬೆಟ್ಟದ ಎದೆಯ ಮೇಲೆ ಅಡ್ಡಲಾಗಿ ಎಳೆದ ಒಂದು ನೇರವಾದ ಗೆರೆ ಹಿರಿಯರ ಕಣ್ಣಿಗೆ ಬಿತ್ತು. ಮಗಳು ಅದನ್ನು ರಸ್ತೆಯೆಂದಳು. ಹಿರಿಯರು ಕ್ಷಣಕಾಲ ದಿಟ್ಟಿಸಿ, “ಅಲ್ಲ, ಅದು ನಾಲೆ,” ಎಂದರು. ಅವರ ಊಹೆ ಸರಿಯಾಗಿತ್ತು. ‘ಗ್ರ್ಯಾಂಡ್ ಡಿಚ್’ ಎಂಬ ಆ ಕಾಲುವೆಯ ಕೆಲಸ 1890ರಲ್ಲಿ ಮೊದಲಾಗಿ 1936ರಲ್ಲಿ ಮುಗಿಯಿತು. ಬೆಟ್ಟದ ಪಶ್ಚಿಮಕ್ಕೆ ಇಳಿಯಬೇಕಾದ ಹಿಮದ ನೀರನ್ನು ಅದು ಹಿಡಿದು, ಕಣಿವೆಯ ಮೂಲಕ ಪೂರ್ವದ ಬಯಲಿನ ಹೊಲಗಳಿಗೆ ದಾಟಿಸುತ್ತದೆ. ಇಷ್ಟು ಸಾಲದೆಂದು ಪರ್ವತದ ಹೊಟ್ಟೆಯಲ್ಲಿ 13 ಮೈಲಿಗಳ ಸುರಂಗವೊಂದನ್ನು 1940ರ ದಶಕದಲ್ಲಿ ಕೊರೆದರು. 1947ರಿಂದ ಅದರಲ್ಲಿಯೂ ಪಶ್ಚಿಮದ ನೀರು ಪೂರ್ವಕ್ಕೆ ಹರಿಯುತ್ತಿದೆ. ಮಳೆ, ಹಿಮ ಬೀಳುವುದು ಹೆಚ್ಚಾಗಿ ಒಂದು ಮಗ್ಗುಲಲ್ಲಿ. ಜನವಿರುವುದು ಇನ್ನೊಂದು ಮಗ್ಗುಲಲ್ಲಿ.

“ಹುಟ್ಟಿದ ಮನೆಯಂಗಳದಲ್ಲೇ ಪಾಲು ಶುರುವಾಯಿತಲ್ಲ!” ಎಂದು ಪತ್ನಿ ಉದ್ಗರಿಸಿದರು. ಹಿರಿಯರು ಮಾತನಾಡಲಿಲ್ಲ.

ಮೊದಲನೆಯ ಬೆಲ್ಲ

ಮಾರನೆಯ ದಿನದ ಹಾದಿ ನದಿಯ ಪಕ್ಕದಲ್ಲಿಯೇ ಸಾಗಿತು. ಗ್ಲೆನ್‌ವುಡ್ ಕಂದರದಲ್ಲಿ ನದಿ, ರೈಲು ಮತ್ತು ಹೆದ್ದಾರಿ ಮೂರೂ ಒಂದೇ ಇಕ್ಕಟ್ಟಿನಲ್ಲಿ ನುಸುಳುತ್ತವೆ. 1992ರಲ್ಲಿ ಪೂರ್ಣಗೊಂಡ ಈ ಭಾಗದ ಹೆದ್ದಾರಿಯನ್ನು ಬಂಡೆಗಳಿಗೂ ನದಿಗೂ ಆದಷ್ಟು ಗಾಯವಾಗದಂತೆ ಕಂಬಗಳ ಮೇಲೆ ತೇಲಿಸಿ ಕಟ್ಟಿದ್ದಾರೆ. ಕಂದರ ಮುಗಿದು ಬಯಲು ತೆರೆದಾಗ ಪಾಲಿಸೇಡ್ ಎಂಬ ಊರಿನ ಪೀಚ್ ತೋಟಗಳು ಎದುರಾಗುತ್ತವೆ. ಬೋಳು ಮಣ್ಣಿನ ಗುಡ್ಡಗಳ ಬುಡದಲ್ಲಿ ಅಷ್ಟು ಹಸಿರು ಹೇಗೆ ಬಂದಿತೆಂದರೆ, ನದಿಯಿಂದ ತೆಗೆದ ನಾಲೆಯಿಂದ. ನಾಲೆಯ ಮೇಲಕ್ಕೆ ಒಂದು ಗೇಣು ಹಸಿರಿಲ್ಲ; ಕೆಳಕ್ಕೆ ತೋಟದ ಮೇಲೆ ತೋಟ. ವಿಶ್ವೇಶ್ವರಯ್ಯ ನಾಲೆಯ ಬಯಲನ್ನು ಕಂಡವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಗನ್ನಿಸನ್ ನದಿ ಬಂದು ಕೊಲರಾಡೋವನ್ನು ಕೂಡುವ ಊರು ಗ್ರ್ಯಾಂಡ್ ಜಂಕ್ಷನ್. 1921ರವರೆಗೆ ನದಿಯ ಈ ಮೇಲ್ಭಾಗವನ್ನು ‘ಗ್ರ್ಯಾಂಡ್’ ಎಂದೇ ಕರೆಯುತ್ತಿದ್ದರು. ಹೆಸರು ಬದಲಾದರೂ ಊರಿನ ಹೆಸರಿನಲ್ಲಿ ಹಳೆಯದು ಉಳಿದುಕೊಂಡಿದೆ. ಪತ್ನಿಯ ಅಕ್ಕನ ಮಗಳು ಇಲ್ಲಿಯ ಆಸ್ಪತ್ರೆಯಲ್ಲಿ ವೈದ್ಯೆ. ಅವಳ ಮನೆಯಲ್ಲಿ ಎರಡು ರಾತ್ರಿ ತಂಗಿದರು. ಬೆಲ್ಲದ ಮೊದಲನೆಯ ಅಚ್ಚು ಅವಳ ಕೈಗೆ ಬಂದಾಗ ಆಕೆ ಅದನ್ನು ಮೂಗಿಗೆ ಹಿಡಿದು, ಆಲೆಮನೆಯ ವಾಸನೆಯೆಂದು ಕಣ್ಣು ಮುಚ್ಚಿಕೊಂಡಳು.

ಆ ಸಂಜೆ ಊರಿನ ಸಮಾಚಾರ ಬಂದಿತು. ಮಳೆ ಕೈಕೊಟ್ಟ ವರ್ಷ. ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ. ಕಾವೇರಿಯ ನೀರನ್ನು ತಮಿಳುನಾಡಿಗೆ ಬಿಡುವುದರ ವಿರುದ್ಧ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್ ಆಗಿತ್ತು. 29ರಂದು ಇಡೀ ಕರ್ನಾಟಕ ಬಂದ್ ಎಂದು ಕರೆ ಕೊಟ್ಟಿದ್ದರು. ಊಟದ ಮೇಜಿನ ಸುತ್ತ ಎಲ್ಲರೂ ಒಂದೇ ಸಮನೆ ಮಾತನಾಡಿದರು. ಕೊನೆಗೆ ವೈದ್ಯೆಯ ಪತಿ, “ಮಾವ, ಈ ನದಿಗೂ ಇಂಥ ಜಗಳವುಂಟೆ?” ಎಂದು ಕೇಳಿದ.

ಹಿರಿಯರಿಗೆ ಉತ್ಸಾಹ ಬಂದಿತು. ಕಾಗದದ ಚೂರೊಂದರ ಮೇಲೆ ಲೆಕ್ಕ ಬರೆದರು. 1922ರ ನವೆಂಬರಿನಲ್ಲಿ ಸಾಂಟಾ ಫೇ ನಗರದಲ್ಲಿ ಏಳು ಸಂಸ್ಥಾನಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಮೇಲಿನ ನಾಲ್ಕಕ್ಕೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿ, ಕೆಳಗಿನ ಮೂರಕ್ಕೆ 75 ಲಕ್ಷ. ಮಂಡ್ಯದ ಭಾಷೆಯಲ್ಲಿ ಹೇಳುವುದಾದರೆ ತಲಾ ಸುಮಾರು 327 ಟಿ.ಎಂ.ಸಿ. 1944ರ ಕರಾರಿನ ಪ್ರಕಾರ ಮೆಕ್ಸಿಕೋಗೆ ಇನ್ನೂ 15 ಲಕ್ಷ ಎಕರೆ-ಅಡಿ. ಆದರೆ ಒಪ್ಪಂದಕ್ಕೆ ಆಧಾರವಾದ ವರ್ಷಗಳು ಅಸಾಧಾರಣವಾಗಿ ಮಳೆ ಹಿಮ ಸುರಿದ ವರ್ಷಗಳು. 2000ದಿಂದೀಚೆಗೆ ನದಿಯಲ್ಲಿ ಸರಾಸರಿ ಬಂದಿರುವುದು 125 ಲಕ್ಷ ಎಕರೆ-ಅಡಿಯ ಆಸುಪಾಸು, ಅಂದರೆ ಸುಮಾರು 540 ಟಿ.ಎಂ.ಸಿ. ಕಾವೇರಿ ನ್ಯಾಯಮಂಡಳಿಯು ಆ ನದಿಯ ಒಟ್ಟು ನೀರನ್ನು 740 ಟಿ.ಎಂ.ಸಿ. ಎಂದು ಎಣಿಸಿತ್ತು. ಎಂದರೆ, ಜಗತ್ಪ್ರಸಿದ್ಧವಾದ ಈ ಕೊಲರಾಡೋದಲ್ಲಿರುವ ನೀರು ಕಾವೇರಿಗಿಂತ ಕಡಿಮೆ!

“ಇಲ್ಲದ ನೀರನ್ನು ಹಂಚಿಕೊಂಡಿದ್ದಾರೆ,” ಎಂದು ಅವರು ಕಾಗದವನ್ನು ಮಡಿಸಿಟ್ಟರು. “ಕಾಗದದ ಮೇಲೆ ಪಾಲು ಸಮವಾಗಿರುತ್ತದೆ. ನೀರು ಕಡಿಮೆಯಾದಾಗ ಮೇಲಿನವನ ಮನಸ್ಸೇ ಕೆಳಗಿನವನ ಪಾಲು.”

ಮಾತು ಬಾಯಿಂದ ಹೊರಟ ಮೇಲೆ ಅದು ಎಲ್ಲಿ ಹೋಗಿ ತಾಗಿತೆಂಬುದು ಅವರಿಗೇ ತಿಳಿಯಿತು. ಪತ್ನಿ ಎದ್ದು ತಟ್ಟೆಗಳನ್ನು ಎತ್ತತೊಡಗಿದರು.

ಕೆಂಪು ಕಲ್ಲಿನ ನಾಡು

ಯೂಟಾ ಸಂಸ್ಥಾನವನ್ನು ಹೊಕ್ಕೊಡನೆ ಭೂಮಿ ಕೆಂಪಾಯಿತು. ಮೋಆಬ್ ಊರಿನ ಬಳಿಯ ‘ಆರ್ಚಸ್’ ಉದ್ಯಾನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಲ್ಲಿನ ಕಮಾನುಗಳಿವೆ. ಶಿಲ್ಪಿಯಿಲ್ಲ, ಉಳಿಯಿಲ್ಲ, ಮರಳುಗಲ್ಲಿನ ಬಿರುಕಿನಲ್ಲಿ ನೀರು ಇಳಿದು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಕಲ್ಲನ್ನು ಚೂರುಚೂರಾಗಿ ಸೀಳುತ್ತ ಬಂದ ಕೆಲಸವಿದು. ಬಿರುಕು ದೊಡ್ಡದಾಗುವುದಕ್ಕೆ ಪ್ರವಾಹ ಬೇಕಾಗಿಲ್ಲ, ಒಂದು ಹನಿ ಸಾಕು; ಕಾಲ ಮಾತ್ರ ಬೇಕು.

ದಕ್ಷಿಣಕ್ಕೆ ಇಳಿದರೆ ಮಾನ್ಯುಮೆಂಟ್ ಕಣಿವೆ. ಅಳತೆಯಿಲ್ಲದ ಬಯಲಿನ ನಡುವೆ ಒಂದೊಂದೇ ನಿಂತ ಕೆಂಗಲ್ಲಿನ ಕೋಡುಗಳು ಸಂಜೆಯ ಬೆಳಕಿನಲ್ಲಿ ದೇವರಿಲ್ಲದ ಗೋಪುರಗಳಂತೆ ಕಾಣುತ್ತವೆ. ಇದು ನವಾಹೋ ಜನರ ನೆಲ. 1864ರಲ್ಲಿ ಸೈನ್ಯ ಅವರನ್ನು ಇಲ್ಲಿಂದ ನೂರಾರು ಮೈಲಿ ನಡೆಸಿಕೊಂಡು ಹೋಗಿ ಸೆರೆಯಲ್ಲಿಟ್ಟಿತು. 1868ರ ಒಪ್ಪಂದದ ಮೇಲೆ ಅವರು ಹಿಂದಿರುಗಿದರು. ಅವರ ಸೀಮೆಯ ಅಂಚಿನಲ್ಲಿಯೇ ಕೊಲರಾಡೋ ಹರಿಯುತ್ತಿದ್ದರೂ ಸುಮಾರು ಮೂರನೆಯ ಒಂದು ಪಾಲು ಮನೆಗಳಿಗೆ ಕೊಳಾಯಿಯ ನೀರಿಲ್ಲ. ಲಾರಿಯ ಬೆನ್ನಿಗೆ ತೊಟ್ಟಿ ಕಟ್ಟಿಕೊಂಡು ದೂರದಿಂದ ನೀರು ತರುವವರನ್ನು ಹಾದಿಯುದ್ದಕ್ಕೂ ಕಾಣಬಹುದು. 1922ರ ಮಾತುಕತೆಯಲ್ಲಿ ಈ ಜನಕ್ಕೆ ಕುರ್ಚಿಯೇ ಇರಲಿಲ್ಲ. ಅವರಿಗೆ ನೀರು ದೊರಕಿಸಿಕೊಡುವ ಕಾರ್ಯಕ್ಕೆ ಸರ್ಕಾರ ಕೈಹಾಕಲೇಬೇಕೆಂಬ ಕಟ್ಟುಪಾಡು 1868ರ ಒಪ್ಪಂದದಲ್ಲಿಲ್ಲವೆಂದು ಅಮೆರಿಕದ ಶ್ರೇಷ್ಠ ನ್ಯಾಯಾಲಯ 2023ರ ಜೂನ್ ತಿಂಗಳಲ್ಲಿ ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ.

ಕರ್ನಾಟಕ ಬಂದ್ ಆದ 29ರಂದು ಪ್ರವಾಸಿಗಳು ಪೇಜ್ ಎಂಬ ಊರಿನಲ್ಲಿ, 710 ಅಡಿ ಎತ್ತರದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಮುಂದೆ ನಿಂತಿದ್ದರು. ಹಿಂದಿನ ಪೊವೆಲ್ ಸರೋವರದ ಕೆಂಪು ಗೋಡೆಗಳ ಮೇಲೆ, ನೀರು ಒಂದು ಕಾಲದಲ್ಲಿ ನಿಂತಿದ್ದ ಎತ್ತರದವರೆಗೆ, ಸುಣ್ಣ ಬಳಿದಂತೆ ಬಿಳಿಯ ಪಟ್ಟೆ. ಕೊಲರಾಡೋ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕೆಂಬಣ್ಣದ್ದು. ಆದರೆ ಕೆಂಪು ಹೂಳೆಲ್ಲ ಕಟ್ಟೆಯ ಹಿಂದೆ ಕುಳಿತಿರುವುದರಿಂದ, ಕೆಳಗೆ ಹೊರಬೀಳುವ ನೀರು ಹಸಿರಾಗಿ, ತಣ್ಣಗೆ, ತಿಳಿಯಾಗಿದೆ. ಹೆಸರೊಂದು ಉಳಿದಿದೆ, ಬಣ್ಣ ಹೋಗಿದೆ.

ಅದೇ ದಿನ ಮಗಳ ಫೋನಿನಲ್ಲಿ ಸುದ್ದಿ ಬಂದಿತು: ಅಕ್ಟೋಬರ್ 15ರವರೆಗೆ ದಿನವೂ 3,000 ಕ್ಯೂಸೆಕ್ ನೀರನ್ನು ಬಿಡಬೇಕೆಂಬ ಆದೇಶ ಖಾಯಮಾಗಿದೆ. ಹಿರಿಯರು ಅಣೆಕಟ್ಟಿನ ಕಟಕಟೆಗೆ ಒರಗಿ ಬಹಳ ಹೊತ್ತು ನಿಂತರು. ಮಗಳು ಹತ್ತಿರ ಬಂದು, ಚಿಕ್ಕಪ್ಪನೊಡನೆ ಅಸಲಿಗೆ ನಡೆದದ್ದೇನೆಂದು ಮೊದಲ ಸಲ ನೇರವಾಗಿ ಕೇಳಿದಳು.

ನಡೆದದ್ದು ಇಷ್ಟು. ತಂದೆಯ ನಾಲ್ಕು ಎಕರೆ ಗದ್ದೆ ಪಾಲಾದಾಗ ಕಾಲುವೆಯ ತಲೆಯ ಭಾಗ ಅಣ್ಣನಿಗೆ, ಕೊನೆಯ ಭಾಗ ತಮ್ಮನಿಗೆ ಬಂದಿತು. ತಮ್ಮ ಓದಿದ ಕೆಲಸವನ್ನು ಬಿಟ್ಟು, ಸಾಲ ಮಾಡಿ, ಕಬ್ಬು ನಾಟಿಸಿದ. ಅದು 2002ರ ಬರಗಾಲ. ಕಾಲುವೆಯಲ್ಲಿ ಬಂದ ಅಲ್ಪ ನೀರು ಕೊನೆಯವರೆಗೆ ತಲುಪಲಿಲ್ಲ. “ಎರಡು ರಾತ್ರಿ ನಿನ್ನ ಮಡೆಯನ್ನು ಕಟ್ಟು, ಕಬ್ಬು ಉಳಿಯುತ್ತದೆ,” ಎಂದು ತಮ್ಮ ಬಂದು ಕೇಳಿದ. ಅಣ್ಣ ನೀರಾವರಿ ಇಲಾಖೆಯ ಅಧಿಕಾರಿ. “ಸರದಿಯಂತೆ ನಡೆಯಲಿ, ನನ್ನ ತಮ್ಮನೆಂದು ನಿಯಮ ಮುರಿಯಲಾರೆ,” ಎಂದರು. ಕಬ್ಬು ಒಣಗಿತು. ತಮ್ಮ ಗದ್ದೆಯನ್ನು ಮಾರಿ, ಸಾಲ ತೀರಿಸಿ, ಮತ್ತೆ ಕೆಲಸ ಹಿಡಿದು ಸಮುದ್ರ ದಾಟಿದ.

“ನಿಯಮ ಸರಿಯಾಗಿಯೇ ಇತ್ತಲ್ಲ, ಅಪ್ಪ?”

“ನಿಯಮ ಸರಿಯಾಗಿತ್ತು. ಆದರೆ ನನ್ನ ಸರದಿಯ ನೀರನ್ನು ನಾನೇ ಬಿಟ್ಟುಕೊಡುವುದಕ್ಕೆ ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ,” ಎಂದರು ಹಿರಿಯರು.

ವಿಷ್ಣು, ಶಿವ, ಬ್ರಹ್ಮ

ಗ್ರ್ಯಾಂಡ್ ಕ್ಯಾನ್ಯನ್ ಮಹಾಕಂದರವನ್ನು ಬಣ್ಣಿಸಲು ಹೊರಟವರೆಲ್ಲ ಸೋತಿದ್ದಾರೆ, ಅಂಕಿಗಳಾದರೂ ಆಸರೆಯಾದಾವು. ಉದ್ದ 446 ಕಿಲೋಮೀಟರು. ಅಗಲ ಕೆಲವೆಡೆ 29 ಕಿಲೋಮೀಟರು. ಆಳ ಒಂದು ಮೈಲಿಗೂ ಮಿಕ್ಕು. ತಳದಲ್ಲಿ ಬೆಳ್ಳಿಯ ಎಳೆಯಂತೆ ಕಾಣುವ ನದಿಯೇ ಇದನ್ನೆಲ್ಲ ಕೊರೆದದ್ದೆಂದರೆ ನಂಬುವುದು ಕಷ್ಟ. ಒಳಗಿನ ಶಿಖರಗಳಿಗೆ ವಿಷ್ಣು ದೇವಾಲಯ, ಶಿವ ದೇವಾಲಯ, ಬ್ರಹ್ಮ ದೇವಾಲಯ ಎಂಬ ಹೆಸರುಗಳಿವೆ ಎಂಬುದನ್ನು ಕೇಳಿ ಪತ್ನಿ ಕೈ ಮುಗಿದರು. 1880ರ ದಶಕದಲ್ಲಿ ಇಲ್ಲಿ ಶೋಧನೆ ನಡೆಸಿದ ಡಟ್ಟನ್ ಎಂಬ ಭೂವಿಜ್ಞಾನಿಯಿಂದ ಈ ಪೌರಸ್ತ್ಯ ನಾಮಕರಣದ ರೂಢಿ ಬೆಳೆಯಿತು. ತಳದ ಕಪ್ಪು ಶಿಲೆಗೂ ವಿಷ್ಣುವಿನ ಹೆಸರೇ. ಅದರ ವಯಸ್ಸು ಸುಮಾರು 170 ಕೋಟಿ ವರ್ಷ.

1869ರ ಮೇ 24ರಂದು ಜಾನ್ ವೆಸ್ಲಿ ಪೊವೆಲ್ ಎಂಬಾತ ಒಂಬತ್ತು ಮಂದಿ ಸಂಗಡಿಗರೊಡನೆ ನಾಲ್ಕು ದೋಣಿಗಳಲ್ಲಿ ಈ ನದಿಯನ್ನು ಅಳೆಯಲು ಹೊರಟ. ಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡವನು ಅವನು. ಆಗಸ್ಟ್ 29ರಂದು ಕಂದರದ ಆಚೆಗೆ ಹೊರಬಂದವರು ಆರೇ ಮಂದಿ. ಈ ಒಣ ಸೀಮೆಯಲ್ಲಿ ನೆಲಕ್ಕಿರುವಷ್ಟು ನೀರಿಲ್ಲವೆಂದು ಆತ ಮುಂದೆ ಎಚ್ಚರಿಸಿದ, ಕೇಳಿದವರು ಕಡಿಮೆ. ಅವನ ಹೆಸರನ್ನು ಮಾತ್ರ ಸರೋವರಕ್ಕೆ ಇಟ್ಟರು.

ಕಟ್ಟೆಯಿಂದ ಕಟ್ಟೆಗೆ

ಹೂವರ್ ಅಣೆಕಟ್ಟನ್ನು ಕಾಣುವುದು ಹಿರಿಯರ ಕಾಲೇಜು ದಿನಗಳ ಕನಸು. 1931ರಲ್ಲಿ ಇಲ್ಲಿ ಕೆಲಸ ಮೊದಲಾದಾಗ, 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕೆಲಸ ಮುಗಿಯುತ್ತ ಬಂದಿತ್ತು. ಅದು ಸುಣ್ಣ ಸುರ್ಕಿಯ ಗಾರೆಯಲ್ಲಿ ಕಟ್ಟಿದ ಕಲ್ಲಿನ ಕಟ್ಟೆ. ಎತ್ತರ ಸುಮಾರು 130 ಅಡಿ, ಉದ್ದ ಎರಡೂವರೆ ಕಿಲೋಮೀಟರಿಗೂ ಹೆಚ್ಚು. ಇದು ಕಾಂಕ್ರೀಟಿನ ಬಿಲ್ಲು. ಎತ್ತರ 726 ಅಡಿ, ನೆತ್ತಿಯ ಉದ್ದ 1,244 ಅಡಿ ಮಾತ್ರ. ಒಂದು ತೋಳು ಚಾಚಿ ನದಿಯನ್ನು ತಡೆದಿದೆ, ಇನ್ನೊಂದು ಎದೆಯೊಡ್ಡಿ. ಹಿಂದಿನ ಮೀಡ್ ಸರೋವರ 2022ರ ಜುಲೈಯಲ್ಲಿ, 1937ರಲ್ಲಿ ತುಂಬುತ್ತಿದ್ದ ಕಾಲದಿಂದೀಚೆಗೆ ಎಂದೂ ಕಾಣದಷ್ಟು ಕೆಳಗಿಳಿದಿತ್ತು. ಮರುವರ್ಷದ ಹಿಮ ಸ್ವಲ್ಪ ಜೀವ ತಂದಿತು. ಬಿಳಿಯ ಪಟ್ಟೆ ಮಾತ್ರ ಮಾಸಿರಲಿಲ್ಲ.

ಸಮೀಪದ ಹೆಂಡರ್ಸನ್ ಊರಿನಲ್ಲಿ ಪತ್ನಿಯ ಸೋದರಮಾವನ ಮಗನ ಮನೆ. ಅವನ ಮನೆಯ ಮುಂದೆ ಹುಲ್ಲುಹಾಸಿರಲಿಲ್ಲ, ಜಲ್ಲಿಕಲ್ಲು, ಕಳ್ಳಿಗಿಡ. ಹುಲ್ಲನ್ನು ಕಿತ್ತರೆ ಚದರ ಅಡಿಗೆ ಇಷ್ಟೆಂದು ಅಲ್ಲಿಯ ಜಲಮಂಡಳಿಯೇ ಹಣ ಕೊಡುತ್ತದೆಂದು ಅವನು ನಗುತ್ತ ಹೇಳಿದ. ಲಾಸ್ ವೇಗಸ್ ಪ್ರದೇಶದಲ್ಲಿ ಮನೆಯೊಳಗೆ ಬಳಸಿದ ನೀರೆಲ್ಲ ಹೆಚ್ಚುಕಡಿಮೆ ಶುದ್ಧವಾಗಿ ಮರಳಿ ಸರೋವರವನ್ನೇ ಸೇರುತ್ತದೆ. ಬೆಲ್ಲದ ಇನ್ನೊಂದು ಅಚ್ಚು ಅಲ್ಲಿ ಉಳಿಯಿತು. ಬೇರೊಂದು ಹಾದಿಯ ಕಾಫಿಗೆ ಮುಗಿದಿತ್ತು. ಕೊನೆಯದನ್ನು ಪತ್ನಿ ಬಟ್ಟೆಯಲ್ಲಿ ಮತ್ತೆ ಬಿಗಿಯಾಗಿ ಕಟ್ಟಿಟ್ಟರು.

ಹೂವರಿನ ಕೆಳಗೆ ನದಿಗೆ ಆಯುಸ್ಸು ಹೆಚ್ಚಿಲ್ಲ. ನಾಲೆಗಳು ಎಡಕ್ಕೂ ಬಲಕ್ಕೂ ಹೀರಿದ ಮೇಲೆ, 1960ರ ದಶಕದಿಂದೀಚೆಗೆ ಅದು ಸಮುದ್ರವನ್ನು ಮುಟ್ಟುವುದೇ ಅಪರೂಪವಾಗಿದೆ. 2014ರಲ್ಲಿ ಎರಡು ದೇಶಗಳು ಒಪ್ಪಿ ಸ್ವಲ್ಪ ನೀರು ಬಿಟ್ಟಾಗ, ಒಣಗಿದ ಪಾತ್ರದಲ್ಲಿ ನೀರು ಬರುವುದನ್ನು ನೋಡಲು ಮೆಕ್ಸಿಕೋದ ಜನ ಮಕ್ಕಳನ್ನು ಕರೆದುಕೊಂಡು ದಂಡೆಗೆ ಬಂದರು. ಆ ನೀರು ಕೆಲವು ದಿನ ಸಮುದ್ರವನ್ನೂ ಕೂಡಿತು.

ಕೊನೆಯ ಅಚ್ಚು

ಹತ್ತನೆಯ ದಿನ ಕಾರು ಮರುಭೂಮಿಯ ಮೂಲಕ ಆಗ್ನೇಯಕ್ಕೆ ಹೊರಳಿತು. ಆಳೆತ್ತರಕ್ಕೂ ಹಲವು ಪಟ್ಟು ಮೀರಿ ನಿಂತ ಸಗ್ವಾರೋ ಕಳ್ಳಿಗಳು ತೋಳೆತ್ತಿ ನಿಂತಿದ್ದವು. ಫೀನಿಕ್ಸ್ ನಗರದಲ್ಲಿ ಆ ಬೇಸಿಗೆ ಸತತವಾಗಿ 31 ದಿನ ಉಷ್ಣತೆ 110 ಡಿಗ್ರಿ ಫ್ಯಾರನ್‌ಹೀಟನ್ನು ಮುಟ್ಟಿತ್ತು ಅಥವಾ ಮೀರಿತ್ತು. ಇಂಥ ಊರಿಗೆ ನೀರು ತರಲು 1973ರಿಂದ 1993ರವರೆಗೆ ದುಡಿದು 336 ಮೈಲಿಗಳ ನಾಲೆಯನ್ನು ಕಟ್ಟಿದ್ದಾರೆ. ಹವಾಸು ಸರೋವರದಿಂದ ಹೊರಟ ಕೊಲರಾಡೋದ ನೀರು ಗುಡ್ಡ ಹತ್ತಿ, ಈ ನಗರವನ್ನೂ ಟೂಸಾನ್ ಸೀಮೆಯನ್ನೂ ತಲುಪುತ್ತದೆ. ನೂರಾರು ವರ್ಷಗಳ ಹಿಂದೆ ಹೊಹೊಕಾಮ್ ಜನ ಇದೇ ಬಯಲಿನಲ್ಲಿ ಕಾಲುವೆ ತೋಡಿದ್ದರು. ಆ ಹಳೆಯ ಕಾಲುವೆಗಳ ನಡುವೆ ಮೇಲೆದ್ದ ಊರಾದುದರಿಂದಲೇ ಬೂದಿಯಿಂದ ಹುಟ್ಟುವ ಹಕ್ಕಿಯ ಹೆಸರು.

ತಮ್ಮ ಬಾಗಿಲಲ್ಲಿ ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಿಂತ ಭಂಗಿ ಮಾತ್ರ ತಂದೆಯದೇ. ಇಬ್ಬರೂ ಮಾತನಾಡಲಿಲ್ಲ. ಪತ್ನಿ ಮುಂದೆ ನಡೆದು ಬಟ್ಟೆಯ ಗಂಟನ್ನು ಓರಗಿತ್ತಿಯ ಕೈಗಿಟ್ಟರು. ಕ್ಷಣದಲ್ಲಿಯೇ ತಟ್ಟೆಯಲ್ಲಿ ಬೆಲ್ಲದ ಚೂರುಗಳೂ ಚೊಂಬಿನಲ್ಲಿ ನೀರೂ ಬಂದವು. ಬಿಸಿಲಿನಲ್ಲಿ ಬಂದವರಿಗೆ ಮಂಡ್ಯದ ಹಳ್ಳಿಗಳಲ್ಲಿ ಮೊದಲು ಕೊಡುವುದು ಅದನ್ನೇ. ತಟ್ಟೆಯನ್ನು ಓರಗಿತ್ತಿ ಹಿಡಿದಿದ್ದಳು. ಚೊಂಬನ್ನು ತಮ್ಮ ತೆಗೆದುಕೊಂಡು ತಾನೇ ನೀಡಿದ.

ಹಿರಿಯರು ಕುಡಿದರು. ಆ ನಗರದ ಕೊಳಾಯಿಯಲ್ಲಿ ಸಾಲ್ಟ್, ವೆರ್ಡೆ ನದಿಗಳ ನೀರೂ ಕೊಲರಾಡೋದ ನೀರೂ ಬೆರೆತು ಬರುತ್ತದೆ. ಯಾವ ಗುಟುಕಿನಲ್ಲಿ ಯಾವ ನದಿಯೆಂದು ಹೇಳಬಲ್ಲ ಇಂಜಿನಿಯರು ಇಲ್ಲ.

“ಆ ವರ್ಷ ಮಡೆಯನ್ನು ಕಟ್ಟಬಹುದಾಗಿತ್ತು. ಕಟ್ಟಲಿಲ್ಲ. ತಪ್ಪು ನನ್ನದು,” ಎಂದರು ಹಿರಿಯರು, ಚೊಂಬನ್ನು ಇಳಿಸದೆಯೇ.

ತಮ್ಮ ಕೂಡಲೇ ಉತ್ತರ ಕೊಡಲಿಲ್ಲ. ತಟ್ಟೆಯಿಂದ ಒಂದು ಚೂರು ಬೆಲ್ಲವನ್ನು ತೆಗೆದು ಬಾಯಿಗೆ ಹಾಕಿಕೊಂಡ. ಅದು ಕರಗುವವರೆಗೆ ಸುಮ್ಮನಿದ್ದು, ಕುರ್ಚಿಯನ್ನು ಅಣ್ಣನ ಕಡೆಗೆ ಎಳೆದ. ಬಳಿಕ, ಮಂಡ್ಯದ ಮಣ್ಣಿನಲ್ಲಿ ಹುಟ್ಟಿದವರು ಎಲ್ಲಿ ಭೇಟಿಯಾದರೂ ಮೊದಲು ಕೇಳುವ ಪ್ರಶ್ನೆಯನ್ನು ಕೇಳಿದ:

“ಕಟ್ಟೇಲಿ ಈಗ ಎಷ್ಟು ಅಡಿ ನೀರಿದೆ, ಅಣ್ಣ?”